ರೌಂಡ್ ಮಾಡಿದ ಅಳತೆಯಿಂದ ವಿಸ್ತೀರ್ಣ ಎಷ್ಟಿಂದ ಎಷ್ಟರವರೆಗೆ ಇರಬಹುದು ಅಂತ ಲೆಕ್ಕ ಹಾಕೋದು ಹೇಗೆ

ಒಂದು ಆಯತ. ಉದ್ದ 8 ಸೆಂ.ಮೀ., ಅಗಲ 5 ಸೆಂ.ಮೀ., ಎರಡೂ ಹತ್ತಿರದ ಸೆಂಟಿಮೀಟರಿಗೆ ರೌಂಡ್ ಮಾಡಿದ್ದು. ವಿಸ್ತೀರ್ಣ ಎಷ್ಟು ಅಂತ ಕೇಳಿದ್ರೆ ಎಂಟೈದ್ಲ ನಲವತ್ತು ಅಂತ ಬಾಯಿಗೆ ಬಂದ್ಬಿಡುತ್ತೆ, ತಪ್ಪೇನಿಲ್ಲ, ಆದ್ರೆ ಅದೇ ಆಯತದ ನಿಜವಾದ ವಿಸ್ತೀರ್ಣ 34 ಚದರ ಸೆಂ.ಮೀ. ಇದ್ರೂ ಇರಬಹುದು, 46 ಇದ್ರೂ ಇರಬಹುದು. ಅರ್ಧ ಸೆಂಟಿಮೀಟರ್ ಏನು ಮಹಾ ಅಂತ ಬಿಟ್ಟಿದ್ದು ಗುಣಾಕಾರ ಆದ್ಮೇಲೆ ಆರು ಚದರ ಸೆಂಟಿಮೀಟರಿಗಿಂತ ಜಾಸ್ತಿ ಆಗಿ ಕೂತಿರುತ್ತೆ. ಇದನ್ನ ಲೆಕ್ಕ ಹಾಕೋದು ಕಷ್ಟ ಏನಲ್ಲ, ಆದ್ರೆ "ಎಲ್ಲಾ ಅಳತೆನೂ ಒಂದ್ಸಲ ಕಡಿಮೆ ಮಾಡಿ, ಒಂದ್ಸಲ ಜಾಸ್ತಿ ಮಾಡಿ, ಸೂತ್ರಕ್ಕೆ ಹಾಕಿ, ಮುಗೀತು" ಅನ್ನೋ ಶಾರ್ಟ್‌ಕಟ್ ಇದ್ಯಲ್ಲ ಅದು ಆಯತಕ್ಕೆ ನಡೆಯುತ್ತೆ, ಬೇರೆ ಆಕಾರಗಳಲ್ಲಿ ಕೈ ಕೊಡುತ್ತೆ. ಎಲ್ಲಿ ಕೈ ಕೊಡುತ್ತೆ ಅನ್ನೋದನ್ನೇ ಕೆಳಗೆ ಜಾಸ್ತಿ ಬರ್ದಿದೀನಿ.

ಮೊದಲು ಒಂದೊಂದೇ ಅಳತೆಯ ರೇಂಜ್

ಅಳತೆನ ಯಾವ ಯೂನಿಟ್‌ಗೆ ರೌಂಡ್ ಮಾಡಿದಾರೋ ಅದರ ಅರ್ಧ ತಗೊಳ್ಳಿ, ಅಷ್ಟನ್ನ ಕೆಳಗೂ ಮೇಲೂ ಬಿಡಿ. 8 ಸೆಂ.ಮೀ. ಅನ್ನೋದು ಹತ್ತಿರದ ಸೆಂಟಿಮೀಟರಿಗೆ ಅಂದ್ರೆ ನಿಜವಾದ ಉದ್ದ 7.5ರಿಂದ 8.5ರ ಒಳಗೆ ಎಲ್ಲೋ ಇದೆ. 7.5 ಸೇರುತ್ತೆ, ಯಾಕಂದ್ರೆ ಅದು ರೌಂಡ್ ಆದ್ರೆ 8 ಆಗುತ್ತೆ, 8.5 ಸೇರಲ್ಲ, ಅದು 9 ಆಗ್ಬಿಡುತ್ತೆ. ಇಲ್ಲೊಂದು ಕಡೆ ತುಂಬಾ ಜನ ಎಡವ್ತಾರೆ, ಮೇಲಿನ ಮಿತಿ 8.4 ಅಂತಾನೋ 8.49 ಅಂತಾನೋ ಬರೀತಾರೆ. 8.495 ಸೆಂ.ಮೀ. ಇರೋ ಕಡ್ಡಿನೂ 8 ಅಂತಾನೇ ರೌಂಡ್ ಆಗುತ್ತೆ, 8.49999 ಇದ್ರೂ ಅಷ್ಟೇ, 8.5ಕ್ಕೆ ಎಷ್ಟು ಬೇಕಾದ್ರೂ ಹತ್ತಿರ ಹೋಗಬಹುದು, ಆದ್ರಿಂದ ಮಿತಿ 8.5 ಅಂತಾನೇ ಇಟ್ಕೊಂಡು "ಇದಕ್ಕಿಂತ ಕಡಿಮೆ" ಅಂತ ಬರೀಬೇಕು.

ಕೆಲವು ಕಡೆ ರೌಂಡಿಂಗ್ ನಿಯಮನೇ ಬೇರೆ ಇರುತ್ತೆ, ಉದಾಹರಣೆಗೆ ಪೈಥಾನ್ 3 ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ 8.5ನ್ನ ರೌಂಡ್ ಮಾಡಿದ್ರೆ 8 ಬರುತ್ತೆ, 9 ಬರಲ್ಲ, ಸರಿಯಾಗಿ ಮಧ್ಯದಲ್ಲಿದ್ರೆ ಸಮಸಂಖ್ಯೆ ಕಡೆ ಹೋಗೋ ಪದ್ಧತಿ ಅದು. ವಿಸ್ತೀರ್ಣದ ಮಿತಿಗಳ ಮೇಲೆ ಇದು ಏನೂ ಪರಿಣಾಮ ಮಾಡಲ್ಲ, ತುದಿ ಸೇರುತ್ತೋ ಇಲ್ವೋ ಅನ್ನೋದಷ್ಟೇ ಬದಲಾಗುತ್ತೆ, ತಲೆ ಕೆಡಿಸ್ಕೋಬೇಡಿ.

8 ಅಂತ ಬರೆದಿದ್ದಕ್ಕೂ 8.0 ಅಂತ ಬರೆದಿದ್ದಕ್ಕೂ ವ್ಯತ್ಯಾಸ ಇದೆ. 8.0 ಅಂದ್ರೆ ಮಿಲಿಮೀಟರ್‌ವರೆಗೂ ನೋಡಿ ಬರೆದಿದ್ದು, ರೇಂಜ್ 7.95ರಿಂದ 8.05. ಆ ಸೊನ್ನೆನ ಸುಮ್ನೆ ಅಳಿಸಿಹಾಕಿದ್ರೆ ರೇಂಜ್ ಹತ್ತು ಪಟ್ಟು ಅಗಲ ಆಗೋಗುತ್ತೆ. ಹತ್ತಿರದ 10ಕ್ಕೆ ರೌಂಡ್ ಮಾಡಿರೋ 80 ಅಂದ್ರೆ 75ರಿಂದ 85, ಹತ್ತಿರದ 5ಕ್ಕೆ ರೌಂಡ್ ಮಾಡಿರೋ 80 ಅಂದ್ರೆ 77.5ರಿಂದ 82.5. ನೋಡೋಕೆ ಎರಡೂ ಒಂದೇ 80, ಹೇಗೆ ರೌಂಡ್ ಮಾಡಿದಾರೆ ಅನ್ನೋದು ಗೊತ್ತಿಲ್ದೆ ಮುಂದಿನ ಲೆಕ್ಕಕ್ಕೆ ಅರ್ಥನೇ ಇಲ್ಲ.

ಇನ್ನೂ ಎರಡು ಪ್ರಕಾರ ಇದೆ. ಹತ್ತಿರದ್ದಕ್ಕೆ ರೌಂಡ್ ಮಾಡದೆ ದಶಮಾಂಶದ ಬಾಲನ ಕತ್ತರಿಸಿ ಎಸೆದಿದ್ರೆ 8 ಅಂದ್ರೆ 8ರಿಂದ 9ರ ಒಳಗೆ, ಯಾವಾಗ್ಲೂ ಮೇಲಕ್ಕೇ ಏರಿಸಿದ್ರೆ 7ಕ್ಕಿಂತ ಜಾಸ್ತಿ, 8ರವರೆಗೆ. 8 ಮತ್ತು 5ರ ಅದೇ ಆಯತಕ್ಕೆ ಬಾಲ ಕತ್ತರಿಸಿದ ಲೆಕ್ಕದಲ್ಲಿ ವಿಸ್ತೀರ್ಣ 40ರಿಂದ 54, ಮೇಲಕ್ಕೇರಿಸಿದ ಲೆಕ್ಕದಲ್ಲಿ 28ರಿಂದ 40. ಅಂದ್ರೆ 40 ಅನ್ನೋದು ಒಂದರಲ್ಲಿ ತೀರಾ ಕೆಳಗಿನ ತುದಿ, ಇನ್ನೊಂದರಲ್ಲಿ ತೀರಾ ಮೇಲಿನ ತುದಿ.

ಮಹತ್ವದ ಅಂಕಿ (ಸೊನ್ನೆಯಲ್ಲದ ಮೊದಲ ಅಂಕಿಯಿಂದ ಎಣಿಸೋ ಅಂಕಿಗಳು) ಲೆಕ್ಕದಲ್ಲಿ ರೌಂಡ್ ಮಾಡಿದ್ರೆ ಒಂದು ತಮಾಷೆ ಇದೆ. ಒಂದೇ ಮಹತ್ವದ ಅಂಕಿಗೆ 1000 ಅಂತ ಕೊಟ್ಟಿದ್ರೆ ಮೇಲಿನ ಮಿತಿ 1500, ಕೆಳಗಿನ ಮಿತಿ 500 ಅಲ್ಲ, 950! ಯಾಕಂದ್ರೆ 1000ಕ್ಕಿಂತ ಕೆಳಗಿನ ಸಂಖ್ಯೆಗಳು 900, 800 ಅಂತ ನೂರರ ಹೆಜ್ಜೆಯಲ್ಲಿ ರೌಂಡ್ ಆಗ್ತವೆ, 940 ಇದ್ರೆ ಅದು 900 ಆಗಿಬಿಡುತ್ತೆ. ಹತ್ತು, ನೂರು, ಸಾವಿರ ಇಂಥ ಸಂಖ್ಯೆ ಬಂದಾಗ ಮಾತ್ರ ಈ ಎಚ್ಚರ ಸಾಕು.

ಆಯತ, ಮತ್ತೆ 40 ಯಾಕೆ ಮಧ್ಯದಲ್ಲಿಲ್ಲ

ಈಗ ಗುಣಿಸೋಣ. ಕಡಿಮೆ ಅಂದ್ರೆ 7.5 × 4.5 = 33.75. ಜಾಸ್ತಿ ಅಂದ್ರೆ 8.5 × 5.5 = 46.75, ಇಷ್ಟನ್ನ ಮುಟ್ಟಲ್ಲ, ಹತ್ತಿರ ಹೋಗುತ್ತೆ ಅಷ್ಟೇ. ಉದ್ದ ಜಾಸ್ತಿ ಆದ್ರೂ ವಿಸ್ತೀರ್ಣ ಜಾಸ್ತಿ, ಅಗಲ ಜಾಸ್ತಿ ಆದ್ರೂ ಜಾಸ್ತಿ, ಹಾಗಾಗಿ ಆಯತದಲ್ಲಿ ಎರಡೂ ಕೆಳಗಿನ ಮಿತಿ ಗುಣಿಸೋದು, ಎರಡೂ ಮೇಲಿನ ಮಿತಿ ಗುಣಿಸೋದು ಸರಿ.

40ರಿಂದ ಕೆಳಗೆ 6.25 ಇಳಿದಿದೆ, ಮೇಲೆ 6.75 ಏರಿದೆ, ಎರಡು ಕಡೆ ಸಮ ಇಲ್ಲ. ಇದು ಯಾಕೆ ಅಂತ ಒಂದ್ಸಲ ಚಿತ್ರ ಬಿಡಿಸಿ ನೋಡಿ. ಅಗಲ ಅರ್ಧ ಸೆಂ.ಮೀ. ಬೆಳೆದ್ರೆ 8 ಸೆಂ.ಮೀ. ಉದ್ದದ ಒಂದು ಪಟ್ಟಿ ಸೇರುತ್ತೆ, ಅದು 4 ಚದರ ಸೆಂ.ಮೀ. ಉದ್ದ ಅರ್ಧ ಸೆಂ.ಮೀ. ಬೆಳೆದ್ರೆ 5 ಸೆಂ.ಮೀ. ಉದ್ದದ ಇನ್ನೊಂದು ಪಟ್ಟಿ, ಅದು 2.5. ಎರಡು ಪಟ್ಟಿ ಸೇರೋ ಮೂಲೆಯಲ್ಲಿ ಅರ್ಧಕ್ಕೆ ಅರ್ಧ ಒಂದು ಪುಟ್ಟ ಚೌಕ ಖಾಲಿ ಉಳಿಯುತ್ತೆ, ಅದನ್ನೂ ತುಂಬಿದ್ರೆ 0.25, ಒಟ್ಟು 6.75. ಕಡಿಮೆ ಮಾಡುವಾಗ ಅದೇ ಎರಡು ಪಟ್ಟಿ ಕತ್ತರಿಸ್ತೀವಿ, ಆದ್ರೆ ಮೂಲೆಯ ಚೌಕ ಎರಡು ಪಟ್ಟಿಯಲ್ಲೂ ಇರೋದ್ರಿಂದ ಲೆಕ್ಕದಲ್ಲಿ ಎರಡ್ಸಲ ಹೋಗಿರುತ್ತೆ, ಒಂದ್ಸಲ ವಾಪಸ್ ಸೇರಿಸ್ಬೇಕು, 6.5ರಲ್ಲಿ 0.25 ಕಳೆದು 6.25.

ಈ ಪಟ್ಟಿ ಚಿತ್ರದಿಂದ ಬಾಯಿಲೆಕ್ಕಕ್ಕೆ ಆಗೋ ಒಂದು ದಾರಿ ಸಿಗುತ್ತೆ. ಉದ್ದ ಅಗಲ ಕೂಡಿಸಿ, ರೌಂಡ್ ಮಾಡಿದ ಯೂನಿಟ್‌ನ ಅರ್ಧದಿಂದ ಗುಣಿಸಿ, ಅಷ್ಟೇ ಏರುಪೇರು. 8 + 5 = 13, ಅದರ ಅರ್ಧ 6.5, ಅಂದ್ರೆ 40ಕ್ಕೆ ಹೆಚ್ಚುಕಡಿಮೆ 6.5. ಮೂಲೆಯ ಚೌಕ ಸಾಮಾನ್ಯವಾಗಿ ಚಿಕ್ಕದು, ಬಿಟ್ಟರೂ ನಡೆಯುತ್ತೆ. ಇನ್ನೂ ಚೆನ್ನಾಗಿರೋದು ಏನಂದ್ರೆ ಕೆಳಗಿಂದ ಮೇಲಿನವರೆಗೆ ರೇಂಜ್‌ನ ಪೂರ್ತಿ ಅಗಲ ಬೇಕಾದ್ರೆ ಅಂದಾಜೂ ಬೇಡ, ಉದ್ದ ಅಗಲದ ಮೊತ್ತಕ್ಕೆ ಯೂನಿಟ್ ಗುಣಿಸಿದ್ರೆ ಕರಾರುವಾಕ್ಕಾಗಿ ಬರುತ್ತೆ, 46.75ರಲ್ಲಿ 33.75 ಕಳೆದ್ರೆ ಸರಿಯಾಗಿ 13. ಒಂದು ಕೋಣೆ 12 ಅಡಿಗೆ 10 ಅಡಿ, ಹತ್ತಿರದ ಅಡಿಗೆ ಅಳೆದಿದ್ದು ಅಂದ್ರೆ ಕಾಗದ ಮುಟ್ಟದೇ ಹೇಳಬಹುದು, ವಿಸ್ತೀರ್ಣದ ರೇಂಜ್ 22 ಚದರ ಅಡಿ ಅಗಲ ಇದೆ ಅಂತ. ಬೇಕಾದ್ರೆ ಪರೀಕ್ಷೆ ಮಾಡಿ, 11.5 × 9.5 = 109.25, 12.5 × 10.5 = 131.25.

ಇನ್ನೊಂದು ವಿಷಯ ಇದರಲ್ಲೇ ಅಡಗಿದೆ, ನನ್ನ ಪ್ರಕಾರ ಇದೇ ಮುಖ್ಯವಾದದ್ದು. ಅಗಲದಲ್ಲಿ ಆದ ತಪ್ಪಿಗೆ ಉದ್ದ ಗುಣಿಸಿಕೊಳ್ಳುತ್ತೆ, ಉದ್ದದಲ್ಲಿ ಆದ ತಪ್ಪಿಗೆ ಅಗಲ ಗುಣಿಸಿಕೊಳ್ಳುತ್ತೆ. ಹಾಗಾಗಿ ಕಿರಿದಾದ ಆಕಾರಗಳು ಅಪಾಯ. 8 × 5 ಬದಲು 20 × 2 ತಗೊಳ್ಳಿ, ಅದೂ 40ನೇ, ಆದ್ರೆ ರೇಂಜ್ 19.5 × 1.5 = 29.25ರಿಂದ 20.5 × 2.5 = 51.25. 40 × 1 ಆದ್ರಂತೂ 39.5 × 0.5 = 19.75ರಿಂದ 40.5 × 1.5 = 60.75, ಕೆಳಗಿನ ತುದಿಗಿಂತ ಮೇಲಿನ ತುದಿ ಮೂರು ಪಟ್ಟು! ಅಳತೆ ಮಾಡಿದ ಸ್ಕೇಲ್ ಅದೇ, ರೌಂಡ್ ಮಾಡಿದ್ದೂ ಅದೇ ಥರ, "ವಿಸ್ತೀರ್ಣ 40" ಅನ್ನೋ ಉತ್ತರನೂ ಅದೇ, ಆದ್ರೆ ನಂಬೋಕಾಗೋ ಮಟ್ಟ ಪೂರ್ತಿ ಬೇರೆ.

ಇದರಿಂದ ಕೆಲಸಕ್ಕೆ ಬರೋದು ಏನಂದ್ರೆ, ಒಂದೇ ಒಂದು ಬದಿನ ಮತ್ತೆ ಸರಿಯಾಗಿ ಅಳೆಯೋಕೆ ಟೈಮ್ ಇದೆ ಅಂದ್ರೆ ಚಿಕ್ಕ ಬದಿನೇ ಅಳೀರಿ. ನಮ್ಮ 8 × 5ರಲ್ಲಿ ಚಿಕ್ಕದನ್ನ ಮಿಲಿಮೀಟರ್‌ವರೆಗೂ ನೋಡಿ 5.0 ಅಂತ ಖಚಿತ ಮಾಡ್ಕೊಂಡ್ರೆ ರೇಂಜ್ 7.5 × 4.95 = 37.125ರಿಂದ 8.5 × 5.05 = 42.925, ಅಂದ್ರೆ ರೇಂಜ್‌ನ ಅಗಲ 13ರಿಂದ 5.8ಕ್ಕೆ ಇಳೀತು. ಅಷ್ಟೇ ಶ್ರಮ ದೊಡ್ಡ ಬದಿ ಮೇಲೆ ಹಾಕಿ 8.0 ಅಂತ ಮಾಡ್ಕೊಂಡ್ರೆ 35.775ರಿಂದ 44.275, ರೇಂಜ್‌ನ ಅಗಲ 8.5, ಅಷ್ಟೊಂದು ಲಾಭ ಇಲ್ಲ. ಸಾಮಾನ್ಯವಾಗಿ ಜನ ಮಾಡೋದು ಉಲ್ಟಾ, ಉದ್ದ ಇರೋದನ್ನ ಎರಡೆರಡು ಸಲ ಅಳೆದು, ಚಿಕ್ಕದನ್ನ ಕಣ್ಣಳತೆಯಲ್ಲಿ "ಐದಿದೆ ಬಿಡು" ಅಂತಾರೆ.

ಚಿಕ್ಕ ಅಳತೆನ ಒಳ್ಳೆ ಸ್ಕೇಲ್ ಇಲ್ದೇನೂ ಸುಧಾರಿಸಬಹುದು, ಒಂದೇ ಅಳತೆಯ ತುಂಡುಗಳು ತುಂಬಾ ಇದ್ರೆ. ಹತ್ತು ತುಂಡನ್ನ ಸಾಲಾಗಿ ಒತ್ತಿ ಜೋಡಿಸಿ ಒಟ್ಟು ಅಳೀರಿ, 83 ಸೆಂ.ಮೀ. ಬಂತು ಅನ್ನಿ, ನಿಜ 82.5ರಿಂದ 83.5, ಹತ್ತರಿಂದ ಭಾಗಿಸಿದ್ರೆ ಒಂದು ತುಂಡು 8.25ರಿಂದ 8.35. ಒಂದೊಂದೇ ಅಳೆದಿದ್ರೆ ಸುಮ್ನೆ 8 ಅಂತ ಬರೆದು ಕೂತಿರ್ತಿದ್ರಿ.

ವೃತ್ತ: ಯಾವುದನ್ನ ಅಳೀತೀರಿ ಅನ್ನೋದೇ ಎಲ್ಲಾ

ವೃತ್ತದಲ್ಲಿ ಒಂದೇ ಅಳತೆ, ಹಾಗಾಗಿ ಲೆಕ್ಕ ಸುಲಭ, ಆದ್ರೆ ಆ ಒಂದು ಅಳತೆ ತ್ರಿಜ್ಯನೋ ವ್ಯಾಸನೋ ಪರಿಧಿನೋ ಅನ್ನೋದ್ರ ಮೇಲೆ ರೇಂಜ್ ಸಿಕ್ಕಾಪಟ್ಟೆ ಬದಲಾಗುತ್ತೆ. ತ್ರಿಜ್ಯ 6 ಸೆಂ.ಮೀ., ಹತ್ತಿರದ ಸೆಂಟಿಮೀಟರಿಗೆ. 5.5ರ ವರ್ಗ 30.25, ಅದಕ್ಕೆ ಪೈ ಗುಣಿಸಿದ್ರೆ 95.03. 6.5ರ ವರ್ಗ 42.25, ಪೈ ಗುಣಿಸಿದ್ರೆ 132.73. ರೇಂಜ್ 37.7 ಚದರ ಸೆಂ.ಮೀ. ಅಗಲ.

ಅದೇ ವೃತ್ತದ ವ್ಯಾಸ ಅಳೆದು 12 ಅಂತ ಬರೆದ್ರೆ ನಿಜವಾದ ವ್ಯಾಸ 11.5ರಿಂದ 12.5, ತ್ರಿಜ್ಯ 5.75ರಿಂದ 6.25, ವಿಸ್ತೀರ್ಣ 103.87ರಿಂದ 122.72. ರೇಂಜ್ ಅರ್ಧಕ್ಕರ್ಧ ಕಡಿಮೆ ಆಯ್ತು. ಇನ್ನು ಟೇಪ್ ಸುತ್ತಿ ಪರಿಧಿ ಅಳೆದು 38 ಅಂತ ಬಂದ್ರೆ, 37.5ರಿಂದ 38.5, ಪರಿಧಿಯ ವರ್ಗನ ನಾಲ್ಕು ಪೈನಿಂದ ಭಾಗಿಸಿದ್ರೆ ವಿಸ್ತೀರ್ಣ, ಅದು 111.91ರಿಂದ 117.95. ಅಗಲ ಬರೀ 6 ಚಿಲ್ಲರೆ. ಟೇಪ್ ಅದೇ, ಸೆಂಟಿಮೀಟರ್ ಗುರುತೂ ಅದೇ! ದೊಡ್ಡ ಉದ್ದ ಅಳೆದು ಭಾಗಿಸಿದಾಗ ರೌಂಡಿಂಗ್ ತಪ್ಪೂ ಭಾಗ ಆಗುತ್ತೆ, ಅಷ್ಟೇ ಗುಟ್ಟು. ಮೇಲೆ ಹತ್ತು ತುಂಡು ಜೋಡಿಸಿದ್ದೂ ಇದೇ ಉಪಾಯ. ಟೇಪ್ ಸಡಿಲ ಬಿಡಬಾರದು, ಓರೆಯಾಗಿ ಸುತ್ತಬಾರದು, ಅದು ಬೇರೆ ಥರದ ತಪ್ಪು, ರೌಂಡಿಂಗ್ ಲೆಕ್ಕದಲ್ಲಿ ಸಿಕ್ಕಿಹಾಕಿಕೊಳ್ಳಲ್ಲ.

ಪೈ ಬಗ್ಗೆ ಒಂದು ಮಾತು. ಪೈ ಅಳೆದಿದ್ದಲ್ಲ, ಅದಕ್ಕೆ ರೇಂಜ್ ಕೊಡೋ ಅಗತ್ಯ ಇಲ್ಲ, ಕ್ಯಾಲ್ಕುಲೇಟರ್‌ನಲ್ಲಿರೋ ಪೈ ಬಟನ್ ಒತ್ತಿ. 3.14 ಹಾಕಿದ್ರೆ ಮೇಲಿನ ಮಿತಿ 132.73 ಬದಲು 132.67 ಆಗುತ್ತೆ, ಅಂದ್ರೆ ನಿಜವಾಗಿ ಸಾಧ್ಯ ಇರೋ ಸ್ವಲ್ಪ ವಿಸ್ತೀರ್ಣನ ಹೊರಗೆ ಹಾಕಿದ ಹಾಗೆ. 22/7 ಹಾಕಿದ್ರೆ ಅದು ಪೈಗಿಂತ ದೊಡ್ಡದಾಗಿರೋದ್ರಿಂದ ಕೆಳಗಿನ ಮಿತಿ 95.03 ಬದಲು 95.07 ಆಗಿ ಅಲ್ಲೂ ಚೂರು ತಪ್ಪುತ್ತೆ. ಆರ್ಕಿಮಿಡೀಸ್ ಈ ವಿಷಯದಲ್ಲಿ ಜಾಣ, ಪೈ ಇಷ್ಟೇ ಅಂತ ಹೇಳೋಕೆ ಹೋಗದೆ 223/71ಕ್ಕಿಂತ ದೊಡ್ಡದು, 22/7ಕ್ಕಿಂತ ಚಿಕ್ಕದು ಅಂತ ಎರಡು ಮಿತಿ ಕೊಟ್ಟ. ನಾವಿಲ್ಲಿ ವಿಸ್ತೀರ್ಣಕ್ಕೆ ಮಾಡ್ತಿರೋದೂ ಅದನ್ನೇ.

ತ್ರಿಭುಜದಲ್ಲಿ ಹಳ್ಳ ಇದೆ

ಪಾದ ಮತ್ತು ಎತ್ತರ ಕೊಟ್ಟಿದ್ರೆ ಆಯತದ ಥರಾನೇ. ಪಾದ 9, ಎತ್ತರ 6 ಅಂದ್ರೆ ಕಡಿಮೆ 8.5 × 5.5 ÷ 2 = 23.375, ಜಾಸ್ತಿ 9.5 × 6.5 ÷ 2 = 30.875. ಸೂತ್ರದಲ್ಲಿರೋ 2 ಅಳೆದಿದ್ದಲ್ಲ, ಅದನ್ನ 1.5ರಿಂದ 2.5 ಅಂತೆಲ್ಲಾ ಮಾಡೋಕೆ ಹೋಗ್ಬೇಡಿ. ತ್ರಾಪಿಜ್ಯಕ್ಕೂ ಇದೇ, ಸಮಾನಾಂತರ ಬದಿಗಳು 7 ಮತ್ತು 11, ಎತ್ತರ 4 ಅಂದ್ರೆ 29.75ರಿಂದ 42.75.

ಮೂರು ಬದಿ ಮಾತ್ರ ಕೊಟ್ಟು ಹೆರಾನ್ ಸೂತ್ರ ಹಾಕ್ಬೇಕು ಅಂದಾಗ ನಿಲ್ಲಿ. ಬದಿಗಳು 5, 5, 9 ಅಂತ ಇಟ್ಕೊಳ್ಳಿ, ಹತ್ತಿರದ ಸೆಂಟಿಮೀಟರಿಗೆ. ಕೊಟ್ಟಿದ್ದನ್ನ ಹಾಗೇ ಹಾಕಿದ್ರೆ ವಿಸ್ತೀರ್ಣ 9.81. ಶಾರ್ಟ್‌ಕಟ್ ಪ್ರಕಾರ ಎಲ್ಲಾ ಕಡಿಮೆ ಮಾಡಿ 4.5, 4.5, 8.5 ಹಾಕಿದ್ರೆ 6.29, ಎಲ್ಲಾ ಜಾಸ್ತಿ ಮಾಡಿ 5.5, 5.5, 9.5 ಹಾಕಿದ್ರೆ 13.17. ಉತ್ತರ 6.29ರಿಂದ 13.17 ಅಂತ ಬರೆದು ಮುಂದೆ ಹೋದ್ರೆ ಎರಡೂ ತುದಿ ತಪ್ಪು.

ಈ ತ್ರಿಭುಜ ಚಪ್ಪಟೆಯಾಗಿದೆ ನೋಡಿ, 5 + 5 = 10, ಪಾದ 9. ಪಾದ ಉದ್ದ ಮಾಡ್ತಾ ಹೋದ್ರೆ ಮೇಲಿನ ಎರಡು ಬದಿ ಕೆಳಕ್ಕೆ ಬಾಗ್ತಾ ಎತ್ತರ ಬೇಗ ಬೇಗ ಕುಸಿಯುತ್ತೆ, ಪಾದದಲ್ಲಿ ಸಿಕ್ಕಿದ್ದಕ್ಕಿಂತ ಎತ್ತರದಲ್ಲಿ ಕಳ್ಕೊಳ್ಳೋದೇ ಜಾಸ್ತಿ. ಅಂದ್ರೆ ಇಲ್ಲಿ ಪಾದ ಜಾಸ್ತಿ ಆದ್ರೆ ವಿಸ್ತೀರ್ಣ ಕಡಿಮೆ ಆಗುತ್ತೆ! ಹಾಗಾಗಿ ಗರಿಷ್ಠ ಬೇಕು ಅಂದ್ರೆ ಎರಡು ಬದಿ 5.5ಕ್ಕೆ ಏರಿಸಿ ಪಾದನ 8.5ಕ್ಕೆ ಇಳಿಸ್ಬೇಕು. ಆಗ ಅರ್ಧ ಪಾದ 4.25, ಎತ್ತರ 30.25ರಲ್ಲಿ 18.0625 ಕಳೆದು ವರ್ಗಮೂಲ ತೆಗೆದ್ರೆ ಸುಮಾರು 3.49, ವಿಸ್ತೀರ್ಣ 14.84. ಕನಿಷ್ಠ ನೋಡೋಕೆ ಹೋದ್ರೆ ಇನ್ನೂ ಮಜಾ, ಎರಡು ಬದಿ 4.5, 4.5 ಆಗಿ ಪಾದ ಸರಿಯಾಗಿ 9 ಇದ್ರೆ ಮೂರೂ ಒಂದೇ ಗೆರೆ ಮೇಲೆ ಮಲಗಿಬಿಡ್ತವೆ, ವಿಸ್ತೀರ್ಣ ಸೊನ್ನೆ. ಪಾದ 9ಕ್ಕಿಂತ ಜಾಸ್ತಿ ಆದ್ರೆ ಆ ಬದಿಗಳಿಂದ ತ್ರಿಭುಜನೇ ಆಗಲ್ಲ. ಹಾಗಾಗಿ ಸರಿಯಾದ ಉತ್ತರ ಸೊನ್ನೆಯ ಪಕ್ಕದಿಂದ 14.84ರ ಪಕ್ಕದವರೆಗೆ. 9.81 ಅಂತ ಎರಡು ದಶಮಾಂಶ ಹಾಕಿ ಬರೆದಿದ್ದಕ್ಕೆ ಏನು ಬೆಲೆ ಬಂತು ಹೇಳಿ.

ಯಾವಾಗ ಹೀಗಾಗುತ್ತೆ ಅನ್ನೋದಕ್ಕೆ ನಿಯಮ ಸರಳ. ಒಂದು ಬದಿಯ ಎದುರಿಗಿರೋ ಕೋನ 90 ಡಿಗ್ರಿಗಿಂತ ಚಿಕ್ಕದಿದ್ರೆ ಆ ಬದಿ ಬೆಳೆದಾಗ ವಿಸ್ತೀರ್ಣ ಬೆಳೆಯುತ್ತೆ, 90ಕ್ಕಿಂತ ದೊಡ್ಡದಿದ್ರೆ ಬದಿ ಬೆಳೆದಾಗ ವಿಸ್ತೀರ್ಣ ಇಳಿಯುತ್ತೆ. ಕೋನ ಅಳೆಯೋದೇನೂ ಬೇಡ, ಅತಿ ಉದ್ದದ ಬದಿಯ ವರ್ಗ ಉಳಿದೆರಡರ ವರ್ಗಗಳ ಮೊತ್ತಕ್ಕಿಂತ ಜಾಸ್ತಿ ಇದ್ಯಾ ನೋಡಿ, ಇಲ್ಲಿ 81, ಆ ಕಡೆ 50, ಹಾಗಾಗಿ ಕೋನ ದೊಡ್ಡದು. ಎರಡೂ ಹೆಚ್ಚುಕಡಿಮೆ ಸಮ ಇದ್ರೆ ರೌಂಡಿಂಗ್ ರೇಂಜ್ ಒಳಗೇ ಕೋನ 90ನ್ನ ದಾಟಿ ಆಚೀಚೆ ಹೋಗಬಹುದು, ಆಗ ಗರಿಷ್ಠ ತುದಿಯಲ್ಲಿ ಸಿಗದೆ ಮಧ್ಯದಲ್ಲಿ ಸಿಗುತ್ತೆ, ಎರಡು ಬದಿ ಮೇಲಿನ ಮಿತಿಯಲ್ಲಿಟ್ಟು ಅವುಗಳ ನಡುವೆ ಲಂಬಕೋನ ಬರೋ ಹಾಗೆ ಮೂರನೇದನ್ನ ಇಟ್ಟಾಗ.

ಕಳೆಯೋದು, ಭಾಗಿಸೋದು

ತ್ರಿಭುಜದಿಂದ ಕಲಿತಿದ್ದನ್ನೇ ಎಲ್ಲಾ ಕಡೆ ಹಾಕಬಹುದು. ಪ್ರತಿ ಅಳತೆಗೂ ಒಂದೇ ಪ್ರಶ್ನೆ: ಇದು ಒಂಚೂರು ಜಾಸ್ತಿ ಆದ್ರೆ ಉತ್ತರ ಏರುತ್ತಾ ಇಳಿಯುತ್ತಾ? ಏರೋ ಹಾಗಿದ್ರೆ ಗರಿಷ್ಠಕ್ಕೆ ಮೇಲಿನ ಮಿತಿ ಹಾಕಿ, ಇಳಿಯೋ ಹಾಗಿದ್ರೆ ಕೆಳಗಿನ ಮಿತಿ ಹಾಕಿ. ಕನಿಷ್ಠಕ್ಕೆ ಉಲ್ಟಾ.

10 × 8ರ ಒಂದು ರಟ್ಟಿನ ಮಧ್ಯದಲ್ಲಿ 4 × 3ರ ಕಿಟಕಿ ಕತ್ತರಿಸಿದೀರಿ, ಉಳಿದ ರಟ್ಟು ಎಷ್ಟು? ಸುಮ್ನೆ ಲೆಕ್ಕಕ್ಕೆ 80 − 12 = 68. ಕಿಟಕಿ ದೊಡ್ಡದಾದ್ರೆ ರಟ್ಟು ಕಡಿಮೆ, ಹಾಗಾಗಿ ಕನಿಷ್ಠ ಬೇಕು ಅಂದ್ರೆ ಹೊರಗಿನದು ಚಿಕ್ಕದು, ಕಿಟಕಿ ದೊಡ್ಡದು: 9.5 × 7.5ರಲ್ಲಿ 4.5 × 3.5 ಕಳೀರಿ, 71.25 − 15.75 = 55.5. ಗರಿಷ್ಠಕ್ಕೆ 10.5 × 8.5ರಲ್ಲಿ 3.5 × 2.5 ಕಳೀರಿ, 89.25 − 8.75 = 80.5. ಎಲ್ಲಾ ಕಡಿಮೆ, ಎಲ್ಲಾ ಜಾಸ್ತಿ ಅಂತ ಮಾಡಿದ್ರೆ 62.5ರಿಂದ 73.5 ಬರುತ್ತೆ, ನಿಜವಾದ ರೇಂಜ್‌ನ ಅರ್ಧಕ್ಕಿಂತ ಕಡಿಮೆ.

ಎಲ್ ಆಕಾರದಲ್ಲಿ ಇದೇ ಸಮಸ್ಯೆ ಸದ್ದಿಲ್ದೆ ಬರುತ್ತೆ. ಪೂರ್ತಿ ಉದ್ದ 10 ಅಳೆದಿದೀರಿ, ಕತ್ತರಿಸಿಹೋದ ಭಾಗ 4 ಅಳೆದಿದೀರಿ, ಉಳಿದಿದ್ದು 6 ಅಂತ ಕಳೆದು ಬರ್ಕೊಂಡ್ರಿ. ಆ 6ರ ರೇಂಜ್ 5.5ರಿಂದ 6.5 ಅಲ್ಲ, 9.5 − 4.5 = 5ರಿಂದ 10.5 − 3.5 = 7. ಟೇಪ್ ಇಟ್ಟು ಆ 6ನ್ನ ನೇರವಾಗಿ ಅಳೆದಿದ್ರೆ ರೇಂಜ್ ಅರ್ಧ ಆಗ್ತಿತ್ತು. ಚಿತ್ರದ ಮೇಲೆ ಬರೆದ ಯಾವ ಸಂಖ್ಯೆ ಅಳೆದಿದ್ದು, ಯಾವುದು ಕಳೆದು ಬಂದಿದ್ದು ಅಂತ ಗುರುತು ಹಾಕಿ ಇಟ್ಕೊಳ್ಳೋದು ಒಳ್ಳೇದು. ಹಾಗೇ ಒಂದೇ ಅಳತೆ ಎರಡು ಕಡೆ ಬಳಕೆ ಆದ್ರೆ ಒಂದು ಕಡೆ ಅದನ್ನ ಕೆಳಗಿನ ಮಿತಿಯಲ್ಲಿ, ಇನ್ನೊಂದು ಕಡೆ ಮೇಲಿನ ಮಿತಿಯಲ್ಲಿ ಹಾಕೋ ಹಾಗಿಲ್ಲ, ಒಂದೇ ಗೋಡೆ ಏಕಕಾಲಕ್ಕೆ ಎರಡು ಉದ್ದ ಇರೋಕಾಗಲ್ಲ.

ವಿಸ್ತೀರ್ಣ ಕೊಟ್ಟು ಉದ್ದ ಕೇಳಿದ್ರೂ ಪ್ರಶ್ನೆ ಅದೇ. ವಿಸ್ತೀರ್ಣ 60, ಅಗಲ 5, ಎರಡೂ ಹತ್ತಿರದ ಪೂರ್ಣಸಂಖ್ಯೆಗೆ. ಉದ್ದ ಜಾಸ್ತಿ ಆಗ್ಬೇಕಾದ್ರೆ ವಿಸ್ತೀರ್ಣ ದೊಡ್ಡದಿರಬೇಕು, ಅಗಲ ಚಿಕ್ಕದಿರಬೇಕು: 60.5 ÷ 4.5 = 13.44. ಕಡಿಮೆಗೆ 59.5 ÷ 5.5 = 10.82. ದೊಡ್ಡದನ್ನ ದೊಡ್ಡದರಿಂದ ಭಾಗಿಸಿದ್ರೆ 11 ಬರುತ್ತೆ, ಅದು ಗರಿಷ್ಠ ಆಗೋ ಮಾತಂತೂ ಇಲ್ಲ, 60 ÷ 5 ಮಾಡಿದ್ರೆ ಬರೋ 12ಕ್ಕಿಂತನೂ ಕಡಿಮೆ ಅದು.

ನಾಲ್ಕು ಬದಿಯ ಓರೆಕೋರೆ ಆಕಾರಕ್ಕೆ ಬರೀ ನಾಲ್ಕು ಬದಿ ಅಳೆದು ತಂದಿದ್ರೆ ರೌಂಡಿಂಗ್ ಬಗ್ಗೆ ಯೋಚನೆ ಮಾಡೋದೇ ವ್ಯರ್ಥ. ನಾಲ್ಕೂ ಬದಿ ಕರಾರುವಾಕ್ಕಾಗಿ 6 ಇದ್ರೂ ಅದನ್ನ ಒತ್ತಿ ಓರೆ ಮಾಡಿದ್ರೆ ವಿಸ್ತೀರ್ಣ 36ರಿಂದ ಸೊನ್ನೆವರೆಗೂ ಇಳಿಸಬಹುದು. ಒಂದು ಕರ್ಣ ಅಳೆದು ಎರಡು ತ್ರಿಭುಜ ಮಾಡ್ಕೊಳ್ಳಿ. ಎದುರು ಬದುರು ಬದಿಗಳ ಸರಾಸರಿ ತಗೊಂಡು ಗುಣಿಸೋ ಹಳೇ ಪದ್ಧತಿ ಇದೆ, ಆಯತ ಬಿಟ್ಟು ಬೇರೆ ಯಾವ ಚತುರ್ಭುಜಕ್ಕೆ ಹಾಕಿದ್ರೂ ಅದು ಜಾಸ್ತಿನೇ ತೋರಿಸುತ್ತೆ. ಬ್ರಹ್ಮಗುಪ್ತ 628ರಲ್ಲಿ ಬರೆದ ಗ್ರಂಥದಲ್ಲಿ ನಾಲ್ಕು ಬದಿಯಿಂದ ವಿಸ್ತೀರ್ಣ ಕೊಡೋ ಸೂತ್ರ ಇದೆ, ಆದ್ರೆ ಅದು ನಾಲ್ಕೂ ಮೂಲೆ ಒಂದೇ ವೃತ್ತದ ಮೇಲಿದ್ದಾಗ ಮಾತ್ರ ಸರಿ, ಬೇರೆ ಚತುರ್ಭುಜಕ್ಕೆ ಅದು ಆ ಬದಿಗಳಿಂದ ಸಿಗಬಹುದಾದ ಗರಿಷ್ಠ ಅಷ್ಟೇ.

ಯೂನಿಟ್ ಬದಲಾಯಿಸಿದ್ರೆ ನಿಖರತೆ ಬರಲ್ಲ

ಒಂದು ಅಡಿ ಅಂದ್ರೆ ಸರಿಯಾಗಿ 0.3048 ಮೀಟರ್, ಇದು ಅಳೆದ ಸಂಖ್ಯೆ ಅಲ್ಲ, ವ್ಯಾಖ್ಯೆ. ಹಾಗಾಗಿ 12 ಅಡಿನ 3.6576 ಮೀಟರ್ ಅಂತ ಬದಲಾಯಿಸೋದು ಗಣಿತದ ಪ್ರಕಾರ ಸರಿ, ಆದ್ರೆ ಬರೆದವನು ಹತ್ತಿರದ ಅಡಿಗೆ ರೌಂಡ್ ಮಾಡಿದ್ದ, ಆ ನಾಲ್ಕು ದಶಮಾಂಶ ನೋಡಿ ಯಾರಾದ್ರೂ ಮಿಲಿಮೀಟರ್‌ನ ಹತ್ತನೇ ಒಂದು ಭಾಗದವರೆಗೂ ಅಳೆದಿದಾನೆ ಅಂದ್ಕೊಂಡ್ರೆ ಕಷ್ಟ. ಮೊದಲು ಮೂಲ ಯೂನಿಟ್‌ನಲ್ಲೇ ರೇಂಜ್ ಮಾಡಿ, ಆಮೇಲೆ ಎರಡೂ ತುದಿನ ಬದಲಾಯಿಸಿ. ಮೇಲಿನ ಕೋಣೆಯ 109.25ರಿಂದ 131.25 ಚದರ ಅಡಿ ಅಂದ್ರೆ ಸುಮಾರು 10.15ರಿಂದ 12.19 ಚದರ ಮೀಟರ್. 11.148 ಅಂತ ಒಂದೇ ಸಂಖ್ಯೆ ಬರೆಯೋದಕ್ಕಿಂತ ಇದು ಪ್ರಾಮಾಣಿಕ.

ಉತ್ತರ ಹೇಗೆ ಬರೀಬೇಕು

ರೇಂಜ್ ಸಿಕ್ತು, ಅದರಲ್ಲಿ ಯಾವ ತುದಿ ಬಳಸೋದು ಅನ್ನೋದು ಕೆಲಸದ ಮೇಲೆ. ಏನನ್ನಾದ್ರೂ ಮುಚ್ಚೋಕೆ, ಬಳಿಯೋಕೆ ಸಾಮಾನು ಸಾಲಬೇಕು ಅಂದ್ರೆ ಮೇಲಿನ ಮಿತಿ ನೋಡಿ, ಇಷ್ಟು ಜಾಗ ಖಂಡಿತ ಇದೆ ಅಂತ ಯಾರಿಗಾದ್ರೂ ಮಾತು ಕೊಡ್ಬೇಕು ಅಂದ್ರೆ ಕೆಳಗಿನ ಮಿತಿ. ಅದೇ ಸುಮ್ನೆ ಅಂದಾಜಿಗೆ ಆದ್ರೆ ತೀರಾ ತುದಿಗಳಿಗೆ ಹೆದರೋದೂ ಬೇಡ, ಯಾಕಂದ್ರೆ 33.75 ಬರ್ಬೇಕಾದ್ರೆ ಉದ್ದನೂ ಅಗಲನೂ ಎರಡೂ ಒಟ್ಟಿಗೆ ತೀರಾ ಕೆಳಗಿನ ತುದಿಯಲ್ಲೇ ಇರ್ಬೇಕು. ರೇಂಜ್ ಒಳಗಿನ ಎಲ್ಲಾ ಉದ್ದಕ್ಕೂ ಸಮಾನ ಸಾಧ್ಯತೆ, ಉದ್ದಕ್ಕೂ ಅಗಲಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ ಅಂತ ಇಟ್ಕೊಂಡು ಲೆಕ್ಕ ಹಾಕಿದ್ರೆ 8 × 5ರ ಆಯತದ ವಿಸ್ತೀರ್ಣ 36ರಿಂದ 44ರ ಒಳಗೆ ಇರೋ ಸಾಧ್ಯತೆ ಸುಮಾರು ಶೇ. 84.

ಮಧ್ಯದಲ್ಲಿ ಎಲ್ಲೂ ರೌಂಡ್ ಮಾಡ್ಬೇಡಿ, ಕೊನೆಯಲ್ಲಿ ಮಾಡಿ, ಅದೂ ಕೆಳಗಿನ ಮಿತಿನ ಕೆಳಕ್ಕೆ, ಮೇಲಿನ ಮಿತಿನ ಮೇಲಕ್ಕೆ. 23.375ನ್ನ ಎರಡು ದಶಮಾಂಶಕ್ಕೆ 23.38 ಅಂತ ಬರೆದ್ರೆ 23.376 ಅನ್ನೋ ಸಾಧ್ಯ ಇರೋ ವಿಸ್ತೀರ್ಣ ಹೊರಗೆ ಬಿತ್ತು, ಹಾಗಾಗಿ 23.37.

ಒಂದೇ ಸಂಖ್ಯೆ ಬೇಕೇ ಬೇಕು ಅಂದ್ರೆ ಎರಡೂ ಮಿತಿನ ಬೇರೆ ಬೇರೆ ರೌಂಡ್ ಮಾಡಿ ನೋಡಿ, ಎಲ್ಲಿವರೆಗೆ ಎರಡೂ ಒಂದೇ ಬರುತ್ತೋ ಅಲ್ಲಿವರೆಗೆ ಬರೀರಿ. 8.24 × 5.13ಕ್ಕೆ ಕ್ಯಾಲ್ಕುಲೇಟರ್ 42.2712 ತೋರಿಸುತ್ತೆ. ಮಿತಿಗಳು 8.235 × 5.125 = 42.204375 ಮತ್ತು 8.245 × 5.135 = 42.338075. ಒಂದು ದಶಮಾಂಶಕ್ಕೆ 42.2, 42.3 ಅಂತ ಜಗಳ ಆಡ್ತವೆ, ಪೂರ್ಣಸಂಖ್ಯೆಗೆ ಎರಡೂ 42, ಹಾಗಾಗಿ 42. ಆದ್ರೆ ಈ ಪದ್ಧತಿ ಕೆಲವೊಮ್ಮೆ ಅನ್ಯಾಯ ಮಾಡುತ್ತೆ, 8.32 × 5.47 ತಗೊಂಡ್ರೆ ಮಿತಿಗಳು 45.441475 ಮತ್ತು 45.579375, ರೇಂಜ್ ಹಿಂದಿನಷ್ಟೇ ಕಿರಿದು, ಆದ್ರೆ ಅರ್ಧದ ಗೆರೆ ಮಧ್ಯೆ ಸಿಕ್ಕಿಹಾಕಿಕೊಂಡು ಒಂದು 45 ಆಗುತ್ತೆ, ಇನ್ನೊಂದು 46 ಆಗುತ್ತೆ, ನಿಯಮ ಪಾಲಿಸಿದ್ರೆ ಹತ್ತಿರದ 10ಕ್ಕೆ ಹೋಗಿ 50 ಅಂತ ಬರೀಬೇಕಾಗುತ್ತೆ, ಅದು ಹುಚ್ಚುತನ. ಅಂಥ ಕಡೆ ನಿಯಮ ಬಿಟ್ಟು 45.51, ಹೆಚ್ಚುಕಡಿಮೆ 0.07 ಅಂತ ಬರೆದ್ಬಿಡಿ.